ಎದುರಿನ ಗಾಡಿಗೆ ದಾರಿ

ಬ್ರೆಡ್ಡಕ್ಕ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತದ್ದನ್ನು ನೋಡಿ ನಮ್ಮ ಓಣಿಯವರು ಮೂಗಿನ ಮೇಲೆ ಬೆರಳಿಟ್ಟರು. ಶಾಲೆ ಬಿಟ್ಟ ಮೇಲೆ ಅವಳು ಓದಿದ್ದು ಬ್ರೆಡ್ ಪೊಟ್ಟಣದ ಮೇಲಿನ ತಾರೀಖನ್ನು ಮಾತ್ರ. ಬೈಕ್ ಓಡಿಸುವುದನ್ನು ಮೈದುನ ಖಾಲಿ ಮೈದಾನದಲ್ಲಿ ಕಲಿಸಿಬಿಟ್ಟಿದ್ದ. ಲೈಸೆನ್ಸಿನ ಬರೆಯುವ ಪರೀಕ್ಷೆಯೇ ಕಗ್ಗಂಟು. ಒಮ್ಮೆ ಬರೆದು ಒಂದೇ ಒಂದು ಉತ್ತರದಲ್ಲಿ ಫೇಲಾಗಿದ್ದಳು. ಈ ಸಲವೂ ಆಗದಿದ್ದರೆ ಅಂಗಡಿಗಳಿಗೆ ಬ್ರೆಡ್ ಹಾಕುವ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಬೇಕರಿಯವರು ಹೇಳಿ ಕಳಿಸಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ಅಂಗಡಿಯವರು ಬೆಳಗಾದರೆ ಬ್ರೆಡ್ ಕೇಳುತ್ತಾರೆ, ಯಾರು ಸತ್ತರು ಅಂತ ಕೇಳುವುದಿಲ್ಲ.

ಆ ಕೆಲಸ ಗಂಡ ಹೆಂಡತಿ ಸೇರಿ ಮಾಡುತ್ತಿದ್ದದ್ದು. ಅವನು ಓಡಿಸುತ್ತಿದ್ದ, ಇವಳು ಹಿಂದೆ ಒಂದು ಕೈಯಲ್ಲಿ ಟ್ರೇ ತಬ್ಬಿಕೊಂಡು ಕೂರುತ್ತಿದ್ದಳು. ಬೈಕಿನ ಇಂಡಿಕೇಟರ್ ಕೆಟ್ಟು ಯಾವ ಕಾಲವಾಗಿತ್ತೋ. ರಿಪೇರಿಯ ಮಾತೆತ್ತಿದರೆ, ತನ್ನ ಇಂಡಿಕೇಟರ್ ಹಿಂದೆ ಕೂತಿದೆಯಲ್ಲ ಅಂತ ನಗುತ್ತಿದ್ದ, ಜುಗ್ಗ. ತಿರುವು ಬಂದರೆ ಇವಳು ಇನ್ನೊಂದು ಕೈ ಚಾಚುವಳು, ಎದುರಿನ ಗಾಡಿಗಳು ನಿಲ್ಲುವವು, ಇವರು ರಾಜಾರೋಷವಾಗಿ ತಿರುಗುವರು. ಕೈ ಚಾಚಿದ ಮೇಲೆ ದಾರಿ ತಮ್ಮದೇ ಅಂತ ಇಬ್ಬರೂ ನಂಬಿದ್ದರು. ಇವಳು ಜ್ವರ ಬಂದು ಮಲಗಿದ್ದ ದಿನ ಅವನೇ ಕೈ ಚಾಚಿ ತಿರುಗಿದ. ಎದುರಿಗೆ ಬಂದ ಲಾರಿ ನಿಲ್ಲಲಿಲ್ಲ.

ಆಮೇಲೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಅತ್ತೆ ಲಾರಿಯವನಿಗೆ ಹಿಡಿಶಾಪ ಹಾಕುವಾಗ ಹೂಂ ಅನ್ನುವಳು, ಹಾಲು ಉಕ್ಕಿದರೆ ಒರೆಸುವಳು. ಕಲ್ಲು ಹೆಂಗಸು ಅಂತ ಓಣಿಯವರು ಆಡಿಕೊಂಡರು. ಅವರಿಗೆ ಬೇರೆ ಕೆಲಸ ಇದ್ದರಲ್ಲವೆ?

ಸಂಜೆ ಹೊತ್ತು ಮೈದುನ ಪ್ರಶ್ನೆ ಕೇಳುತ್ತಿದ್ದ. ಬೋರ್ಡುಗಳೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಬಲಕ್ಕೆ ತಿರುಗುವಾಗ ಎದುರಿನಿಂದ ಗಾಡಿ ನೇರವಾಗಿ ಬರುತ್ತಿದ್ದರೆ ಮೊದಲು ಯಾರು ಹೋಗಬೇಕು ಅಂದರೆ ಮಾತ್ರ, ಕೈ ತೋರಿಸಿದವರು ಅನ್ನುವಳು. ಹಿಂದಿನ ಸಲ ಅವಳನ್ನು ಮುಳುಗಿಸಿದ್ದೂ ಇದೇ ಪ್ರಶ್ನೆ.

"ಅತ್ತಿಗೆ, ಕೈ ತೋರಿಸಿದ್ರೆ ನಾವು ತಿರುಗ್ತೀವಿ ಅಂತ ಹೇಳಿದ ಹಾಗೆ ಅಷ್ಟೇ. ದಾರಿ ಅವರದು. ನಾವು ಕಾಯ್ಬೇಕು."

ಹೇಳಿ ಮುಗಿಸಿದ ಮೇಲೆ ತಾನು ಅಣ್ಣನ ಬಗ್ಗೆ ಏನಂದೆ ಅಂತ ಅವನಿಗೇ ಹೊಳೆಯಿತು. ಪುಸ್ತಕ ಮಡಚಿಟ್ಟು ಎದ್ದುಹೋದ. ಅವಳು ಅದೇ ಪುಟ ತೆಗೆದು ಮತ್ತೆ ಓದಿದಳು.

ಪರೀಕ್ಷೆಯ ಕೋಣೆಯಲ್ಲಿ ಮೇಜಿನ ಒಂದು ಕಾಲು ಗಿಡ್ಡ, ಬರೆದಾಗೆಲ್ಲ ಅಲ್ಲಾಡುತ್ತಿತ್ತು. ಆ ಪ್ರಶ್ನೆ ಈ ಸಲವೂ ಬಂದಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಎದುರಿನ ಗಾಡಿ ಎಂಬ ಉತ್ತರಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದಳು.

ಪಾಸಾಯ್ತು ಅಂತ ಕೇಳಿ ಅತ್ತೆ ಕಣ್ಣೊರೆಸಿಕೊಂಡರು. ಕೆಲಸವಂತೂ ಉಳಿಯಿತಲ್ಲ. ಆ ತಿರುವಿನ ಪ್ರಶ್ನೆ ಬಂದಿತ್ತಾ, ಲಾರಿಯವನದ್ದೇ ತಪ್ಪು ಅಂತ ಬರೆದೆ ತಾನೆ ಅಂತ ಕೇಳಿದರು.

"ಇಲ್ಲ ಅತ್ತೆ, ತಪ್ಪು ನಮ್ದು. ಇಷ್ಟು ವರ್ಷ ಎದುರಿನವರು ಹೋಗ್ಲಿ ಪಾಪ ಅಂತ ನಿಲ್ಲಿಸ್ತಿದ್ರು."

ಅತ್ತೆ, "ಅವತ್ತು ನೀನು ಹಿಂದೆ ಕೂತಿದ್ದಿದ್ರೆ?" ಅಂದರು.

"ನಾನೂ ಕೈ ಚಾಚ್ತಿದ್ದೆ" ಎಂದು ಅವಳು ಊಟಕ್ಕೆ ತಟ್ಟೆ ಇಟ್ಟಳು.