ತಿಮಿಂಗಿಲದ ಸೊಂಟ ಹುಡುಕುವ ಅಕ್ಕ

ಬೆಳಗಿನ ಆರೂವರೆ. ವಸ್ತುಸಂಗ್ರಹಾಲಯದ ಅಸ್ಥಿಪಂಜರಗಳ ಹಾಲ್‌ನಲ್ಲಿ ಇನ್ನೂ ದೀಪ ಹಾಕಿಲ್ಲ. ಕಿಟಕಿಯ ಬೆಳಕೇ ಸಾಕೆಂದು ಹದಿನಾಲ್ಕು ಮೆಟ್ಟಿಲ ಏಣಿ ಹತ್ತಿ, ಸೂರಿಗೆ ತೂಗುಬಿಟ್ಟ ತಿಮಿಂಗಿಲದ ಪಕ್ಕೆಲುಬುಗಳ ನಡುವೆ ತಲೆ ತೂರಿಸಿ ನಿಂತಿದ್ದಾರೆ, ಇಲ್ಲಿ ಎಲ್ಲರೂ 'ಮೂಳೆ ಅಕ್ಕ' ಎಂದೇ ಕರೆಯುವ ಹೆಂಗಸು. ಕೈಯಲ್ಲಿ ಮೆತ್ತನೆಯ ಬ್ರಷ್, ಹೆಗಲ ಮೇಲೆ ಒಣಬಟ್ಟೆ. "ಸುಮ್ನಿರೇ ಮಹರಾಯ್ತಿ, ಇನ್ನೊಂದು ಪಕ್ಕೆ ಬಾಕಿ ಇದೆ," ಎಂದು, ಗಾಳಿಗೆ ಅಲುಗಿದ ಹದಿಮೂರು ಮೀಟರಿನ ಪ್ರಾಣಿಯನ್ನು ಗದರುತ್ತಾರೆ.

ಇಪ್ಪತ್ತಮೂರು ವರ್ಷಗಳಿಂದ ಇವರದು ಇದೇ ಕೆಲಸ. ನಲವತ್ತೊಂದು ಅಸ್ಥಿಪಂಜರ, ಎರಡು ಬ್ರಷ್, ಒಂದು ಏಣಿ. ಒಂಬತ್ತಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಎಲ್ಲೂ ಧೂಳಿರಕೂಡದು. ಮೂಳೆ ಬಿಟ್ಟುಹೋಗದಂತೆ ಒರೆಸಲು ಅವರೇ ಒಂದು ಲೆಕ್ಕ ಕಟ್ಟಿಕೊಂಡಿದ್ದಾರೆ: "ತೋಳಿಗೆ ಒಂದು, ಮುಂಗೈಗೆ ಎರಡು, ಮಣಿಕಟ್ಟಿಗೆ ಚಿಲ್ಲರೆ, ಆಮೇಲೆ ಬೆರಳು. ಬಾವಲಿದೂ ಅಷ್ಟೇ, ಕೋತಿದೂ ಅಷ್ಟೇ, ನಂದೂ ಅಷ್ಟೇ. ಯಾರೂ ಹೇಳ್ಕೊಡ್ಲಿಲ್ಲ. ಒರೆಸ್ತಾ ಒರೆಸ್ತಾ ಎಲ್ಲಾ ಒಂದೇ ಮನೆತನ ಅಂತ ಗೊತ್ತಾಯ್ತು." ಮೂಲೆಯಲ್ಲಿರುವ ನೀರಾನೆಗೂ ತಿಮಿಂಗಿಲಕ್ಕೂ ಹತ್ತಿರದ ನಂಟು ಎಂದು, ಈಚೆಗೆ ಸಂಗ್ರಹದ ಮೇಲ್ವಿಚಾರಣೆಗೆ ಬಂದ ಕ್ಯುರೇಟರ್ ಮೇಡಂ ಹೇಳಿದಾಗಲೂ ಅಕ್ಕ ಬೆರಗಾಗಲಿಲ್ಲ. "ಬೀಗರಲ್ಲ ತಾನೇ, ರಕ್ತಸಂಬಂಧ ತಾನೇ?" ಎಂದು ಖಾತ್ರಿ ಮಾಡಿಕೊಂಡರು, ಅಷ್ಟೇ.

ಆದರೆ ಆ ಲೆಕ್ಕವೇ ಒಮ್ಮೆ ಅವರನ್ನು ದಾರಿ ತಪ್ಪಿಸಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ತಿಮಿಂಗಿಲದ ಹೊಟ್ಟೆಯ ಕೆಳಗೆ ದಾರದಲ್ಲಿ ನೇತುಹಾಕಿದ್ದ, ಮೊಳದುದ್ದವೂ ಇರದ ಎರಡು ಬಾಗಿದ ಮೂಳೆಗಳು ಬ್ರಷ್ ತಾಕಿ ಬಿದ್ದವು. ಅವು ಬೆನ್ನಿಗೂ ಸೇರಿರಲಿಲ್ಲ, ಪಕ್ಕೆಗೂ ಸೇರಿರಲಿಲ್ಲ, ಅಕ್ಕನ ಲೆಕ್ಕಕ್ಕೂ ಸಿಗಲಿಲ್ಲ. ಇದು ಹಸುವಿನದೋ ಇನ್ಯಾರದೋ ಮೂಳೆ, ಯಾರೋ ತಪ್ಪಿ ಕಟ್ಟಿದ್ದಾರೆ ಎಂದುಕೊಂಡ ಅಕ್ಕ ಅವನ್ನು ನೆಲಮಾಳಿಗೆಯಲ್ಲಿ ಕೈಗೆ ಸಿಕ್ಕ ಡಬ್ಬಗಳಿಗೆ ಒಂದೊಂದಾಗಿ ಹಾಕಿಬಿಟ್ಟರು. ಯಾರೂ ಕೇಳಲಿಲ್ಲ.

ನಾಲ್ಕು ತಿಂಗಳ ಹಿಂದೆ ಶಾಲಾಮಕ್ಕಳಿಗೆ ಮೇಡಂ ವಿವರಿಸುತ್ತಿದ್ದರು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡುತ್ತಿದ್ದರು, ಹಿಂಗಾಲು ಹೋದರೂ ಸೊಂಟದ ಎರಡು ಮೂಳೆ ಉಳಿದವು, ನೋಡಿ ಇಲ್ಲಿ, ಎಂದು ಕೈ ಎತ್ತಿದರೆ ಅಲ್ಲಿ ಏನೂ ಇಲ್ಲ. ನೆಲ ಒರೆಸುತ್ತಿದ್ದ ಅಕ್ಕನಿಗೆ ತಾವು ಡಬ್ಬಕ್ಕೆ ಹಾಕಿದ ಮೂಳೆಗಳು ನೆನಪಾದವು.

"ಆವತ್ತೆಲ್ಲಾ ಅದೇ ಯೋಚ್ನೆ. ಇನ್ನೊಬ್ಬರ ಸೊಂಟ ಕಿತ್ತು ಹಾಕಿದೀನಲ್ಲಾ ಅಂತ," ಎನ್ನುತ್ತಾರೆ. ಮರುದಿನವೇ ಹೋಗಿ ಒಪ್ಪಿಕೊಂಡರು. ಮೇಡಂ ಬೈಯಲಿಲ್ಲ. "ನೀವು ಬಾಯಿ ಬಿಡದೇ ಇದ್ದಿದ್ರೆ ಈ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ," ಎಂದರಂತೆ.

ಒಂದು ಮೂಳೆ ಆ ವಾರವೇ ಹಸುವಿನ ಪಕ್ಕೆಲುಬುಗಳ ನಡುವೆ ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ಕೆಳಗೆ ಚೀಟಿ ಅಳಿಸಿಹೋದ ಮೂವತ್ತಾರು ಡಬ್ಬಗಳಿವೆ, ಅಕ್ಕನ ನಿವೃತ್ತಿಗೆ ಈಗ ಒಂಬತ್ತೇ ದಿನ. ಒರೆಸುವ ಕೆಲಸ ಮುಗಿಸಿ ಬಾಗಿಲು ತೆರೆಯುವವರೆಗೆ ದಿನವೂ ಹುಡುಕಾಟ. ಬಸ್ ಓಡಿಸಿ ಮಂಡಿ ಸವೆಸಿಕೊಂಡ ಗಂಡ, "ಮನೇಲಿರೋ ಮೂಳೆನೂ ಸ್ವಲ್ಪ ವಿಚಾರಿಸ್ಕೋ," ಎಂದು ಛೇಡಿಸುತ್ತಾರೆ. "ನಿಮ್ದು ಎಲ್ಲೂ ಹೋಗಲ್ಲ ಬಿಡಿ," ಎಂದು ಅಕ್ಕ ಎಣ್ಣೆಯ ಬಾಟಲಿ ಅವರ ಕೈಗೇ ಕೊಡುತ್ತಾರೆ.

ಈ ಗುರುವಾರ ಮೂವತ್ತನಾಲ್ಕನೇ ಡಬ್ಬ. ತಳದಲ್ಲಿ ಹಳೇ ಪೇಪರಿನ ಸುರುಳಿ, ಅದರ ಮೇಲೆ ಅಕ್ಕನದೇ ಗುಂಡು ಅಕ್ಷರ: "ಯಾರದೋ". ಬಿಚ್ಚಿ, ಮೊದಲ ಮೂಳೆಯ ಪಕ್ಕ ಇಟ್ಟರೆ ಅದೇ ಬಾಗು, ಅದೇ ಉದ್ದ, ಒಂದು ಎಡ, ಒಂದು ಬಲ. ಮೇಡಂ ಅಳತೆ ನೋಡಿ ಹೌದೆಂದ ಮೇಲೆ ಅಕ್ಕನ ಮುಖ ಮೊರದಗಲ. ಇಬ್ಬರೂ ಸೇರಿ ಎರಡನ್ನೂ ಹೊಸ ತಂತಿಯಲ್ಲಿ ಕಟ್ಟುತ್ತಾರೆ.

ಕೆಳಗೊಂದು ಫಲಕ ಹಾಕಿಸೋಣ, ಹುಡುಕಿದವರು ಇಂಥವರು ಎಂದು ನಿಮ್ಮ ಹೆಸರು ಬರೆಸೋಣ ಎನ್ನುತ್ತಾರೆ ಮೇಡಂ. ಅಕ್ಕ ಏಣಿಯ ಮೇಲಿಂದಲೇ ತಲೆಯಾಡಿಸುತ್ತಾರೆ.

"ನನ್ನ ಹೆಸರು ಯಾಕೆ ಮೇಡಂ, ಬೀಳಿಸಿದ್ದೂ ನಾನೇ ಅಲ್ವಾ? 'ಇದರ ಅಜ್ಜಿ ನಡೀತಿದ್ಳು' ಅಂತ ದಪ್ಪಕ್ಷರದಲ್ಲಿ ಬರೆಸಿ. ಆಗ ನನ್ನ ಜಾಗಕ್ಕೆ ಬರೋಳು ತೆಗೆದು ಡಬ್ಬಕ್ಕೆ ಹಾಕಲ್ಲ."