ತವರು ಹುಡುಕುವ ಕಂಡಕ್ಟರ್ ಪುಷ್ಪಲತಕ್ಕ

ಪುಷ್ಪಲತಕ್ಕ ಬಸ್ಸಿನಲ್ಲಿ ಕೂರುವುದೇ ಇಲ್ಲ. ಹಾಗಂತ ಅವಳಿಗೆ ಸೀಟಿಲ್ಲ ಅಂತಲ್ಲ. ಇದೆ, ಬಾಗಿಲ ಪಕ್ಕದಲ್ಲೇ ಇದೆ, ಕಂಡಕ್ಟರ್ ಅಂತ ಮೇಲೆ ಬರೆದೂ ಇದೆ. ಆದರೆ ಅದರ ಮೇಲೆ ಯಾವಾಗಲೂ ಯಾರದೋ ಮೆಣಸಿನಕಾಯಿ ಚೀಲ ಕೂತಿರುತ್ತದೆ. ಅಕ್ಕ ಕೂಡ್ಲಿಗಿಯಲ್ಲಿ ಹತ್ತಿದವಳು ಹರಪನಹಳ್ಳಿಯಲ್ಲಿ ಇಳಿಯುವವರೆಗೂ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಟಿಕೆಟ್ ಕೊಟ್ಟು ಮುಗಿದರೂ ಓಡಾಟ ಮುಗಿಯುವುದಿಲ್ಲ. ವಯಸ್ಸಾದ ಹೆಂಗಸು ಕಂಡರೆ ಸಾಕು, ಕಂಬಿ ಹಿಡಿದು ಬಗ್ಗುತ್ತಾಳೆ.

"ಯವ್ವಾ, ನಿನ್ನ ತವರುಮನಿ ಯಾವೂರು?"

ಹೆಂಗಸರಿಗೆ ಜೀರೋ ಟಿಕೆಟ್ ಬಂದ ಮೇಲೆ ಬಸ್ಸಿನಲ್ಲಿ ಅಜ್ಜಿಯರೇ ಜಾಸ್ತಿ. ಆಧಾರ್ ಕಾರ್ಡು ತೆಗೆಯಲು ಎಲೆಅಡಿಕೆ ಚೀಲ ಬಿಚ್ಚುತ್ತಾ ಅವರು ನಗುತ್ತಾರೆ. "ಯಾಕವ್ವ, ತವರಿಗೆ ಬ್ಯಾರೆ ಟಿಕೀಟ್ ಐತೇನು?"

ಡ್ರೈವರ್ ಮೌನೇಶನಿಗೆ ಇದೆಲ್ಲ ಕೇಳಿ ಕೇಳಿ ಸಾಕಾಗಿತ್ತು. "ಅಕ್ಕಾ, ನೀ ಕಂಡಕ್ಟರೋ ಜನಗಣತಿ ಮೇಡಮ್ಮೋ? ರೈಟ್ ಆದ್ರೂ ಹೇಳು, ಇಲ್ಲಾ ನನ್ನ ತವರಾದ್ರೂ ಕೇಳು!"

ಅಕ್ಕನಿಗೆ ಈ ಚಡಪಡಿಕೆ ಹತ್ತಿದ್ದು ಪಕ್ಕದ ಮನೆಯ ನಾಗಲಿಂಗಮ್ಮ ತೀರಿಕೊಂಡ ದಿನ. ಊರು ಗುಡೇಕೋಟೆ. ನಾಗಲಿಂಗಮ್ಮನ ಅಣ್ಣತಮ್ಮಂದಿರು ಒಬ್ಬೊಬ್ಬರೂ ಒಂದೊಂದು ಸೀರೆ ತಂದು ಹೆಣಕ್ಕೆ ಹೊದಿಸಿದರು. ತವರ ಸೀರೆ ಹೊದ್ದೇ ಹೆಣ್ಣು ಮಣ್ಣಿಗೆ ಹೋಗಬೇಕು, ಅದು ಪದ್ಧತಿ. ಪುಷ್ಪಲತಕ್ಕನ ತಾಯಿ ದ್ಯಾಮಕ್ಕ ಕಟ್ಟೆಯ ಮೇಲೆ ಕೂತು ಅದನ್ನೇ ನೋಡಿದಳು. ಅವತ್ತು ಉಣ್ಣಲಿಲ್ಲ.

"ನನಗ ಯಾರು ಹೊಚ್ತಾರ?"

ಆಮೇಲೆ ಮಗಳು ಡ್ಯೂಟಿ ಮುಗಿಸಿ ಬಂದಾಗೆಲ್ಲ ಇದೇ ಪ್ರಶ್ನೆ. ಪುಷ್ಪಲತಕ್ಕ ತಡೆಯಲಾರದೆ ಕೊಟ್ಟೂರಿನಿಂದ ಒಳ್ಳೆಯ ಇಳಕಲ್ ಸೀರೆಯನ್ನೇ ತಂದಳು. ದ್ಯಾಮಕ್ಕ ಅದನ್ನು ಬೆರಳಲ್ಲಿ ಮುಟ್ಟಿ ಪಕ್ಕಕ್ಕೆ ಸರಿಸಿದಳು.

"ಮಗಳು ತಂದಿದ್ದು ಮಗಳ ಸೀರಿ. ತವರ ಸೀರಿ ಹೆಂಗ ಆಕ್ಕೈತಿ? ನೀನ ಉಟ್ಕೊ ಹೋಗು."

ದ್ಯಾಮಕ್ಕನಿಗೆ ತವರೇ ಇರಲಿಲ್ಲ. ಇತ್ತು, ನೀರಿನಲ್ಲಿ ಹೋಯಿತು. ತುಂಗಭದ್ರೆಗೆ ಡ್ಯಾಂ ಕಟ್ಟಿದಾಗ ಮುಳುಗಿದ ಊರುಗಳಲ್ಲಿ ಅವಳದೂ ಒಂದು. ಆ ಊರಿನ ಹೆಸರು ಈಗ ಯಾವ ಬಸ್ಸಿನ ಬೋರ್ಡಿನ ಮೇಲೂ ಇಲ್ಲ. ಊರು ಖಾಲಿ ಮಾಡುವಾಗ ಅವಳಿನ್ನೂ ಹಲ್ಲು ಬೀಳದ ಕೂಸು. ಹೊಸ ಜಾಗದಲ್ಲಿ ಮನೆ ಏಳುವ ತನಕ ಇರಲಿ ಅಂತ ಅವಳನ್ನು ಗುಡೇಕೋಟೆಯ ದೊಡ್ಡವ್ವನ ಮನೆಯಲ್ಲಿ ಬಿಟ್ಟು ಹೋದರು. ತಾಯಿ ಸತ್ತಳೆಂಬ ಸುದ್ದಿ ಬಂತು. ಅಪ್ಪ ಕೈಗೂಸು ತಮ್ಮನನ್ನು ಎತ್ತಿಕೊಂಡು ಎಲ್ಲಿಗೋ ಹೋದನೆಂದು ಬಂತು. ಆಮೇಲೆ ಸುದ್ದಿಯೇ ಇಲ್ಲ. ದೊಡ್ಡವ್ವನೂ ಹೋದಳು. ದ್ಯಾಮಕ್ಕನ ಹತ್ತಿರ ಉಳಿದದ್ದು ಮುಳುಗಿದ ಊರಿನ ಹೆಸರು ಮತ್ತು ಅಪ್ಪನ ಹೆಸರು: ಓಬಳೇಶಪ್ಪ.

ಅಷ್ಟನ್ನು ಹಿಡಿದುಕೊಂಡು ಪುಷ್ಪಲತಕ್ಕ ಹೊರಟಳು. ವಾರದ ರಜೆ ಬಂತೆಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಹಳೇ ಪಹಣಿ ತೆಗೆಸಿದಳು. ಹಳೆಯ ಮತದಾರರ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆಂದು ಯಾರೋ ಹೇಳಿದರು, ಅದನ್ನು ಬಸ್ಸು ಟೀಗೆ ನಿಂತಾಗೆಲ್ಲ ಓದಿದಳು. ಹರಪನಹಳ್ಳಿಯ ಕಾಗದದ ಕಥೆಯಂತೂ ಕೇಳಲೇಬೇಡಿ. ಆ ತಾಲ್ಲೂಕು ಬಳ್ಳಾರಿಯಲ್ಲಿತ್ತು, ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ. ಜಿಲ್ಲೆ ಬದಲಾದ ಹಾಗೆ ಕಾಗದ ಎಲ್ಲೆಲ್ಲಿ ಇಳಿಯಿತೋ ಅಂತ ಅಕ್ಕ ಎಲ್ಲಾ ಕಡೆಗೂ ಹೋಗಿಬಂದಳು. ಪೀಳಿಗೆ ಹೇಳುವ ಹೆಳವರು ಬಂದಾಗ ಅವರನ್ನೂ ಕೂರಿಸಿ ಚಾ ಕೊಟ್ಟಳು. ಅವರು ಗಂಡಸರ ಹೆಸರನ್ನು ಸರಸರ ಹೇಳಿದರು. ಬೇರೆ ಮನೆಗೆ ಹೋದ ಹೆಣ್ಣುಮಕ್ಕಳು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಓಬಳೇಶಪ್ಪಗಳು ಮಾತ್ರ ಊರಿಗೊಬ್ಬರು ಸಿಕ್ಕರು. ಗುಡೇಕೋಟೆ ಸೀಮೆಯಲ್ಲಿ ಓಬಳೇಶಪ್ಪ ಅಂತ ಕೂಗಿದರೆ ಸಂತೆಯಲ್ಲಿ ಅರ್ಧ ಜನ ತಿರುಗುತ್ತಾರೆ. ಒಬ್ಬರೂ ಮುಳುಗಿದ ಊರಿನವರಲ್ಲ.

ಹೊಳೆದಂಡೆಯ ಮಂದಿ ಹೊಳೆ ಬಿಟ್ಟಿರಲಾರರು ಅಂತ ಅಕ್ಕನಿಗೆ ಅನ್ನಿಸಿತು. ಡ್ಯೂಟಿ ಅದಲುಬದಲು ಮಾಡಿಸಿಕೊಂಡು ಹಲವಾಗಲಿನ ಬಸ್ಸಿಗೆ ಬಂದಳು. ಅಲ್ಲಿಯೂ ಅದೇ ಪ್ರಶ್ನೆ. ಕಿಟಕಿ ಪಕ್ಕ ಕೂತಿದ್ದ ಒಬ್ಬ ಮುದುಕಿಯನ್ನು ಕೇಳಿದಳು:

"ಯವ್ವಾ, ಡ್ಯಾಮಿನಾಗ ಊರು ಕಳಕೊಂಡು ಬಂದ ಓಬಳೇಶಪ್ಪ ಅನ್ನೋರ ಮನಿತನ ಕೇಳಿಯೇನು?"

ಮುದುಕಿ ಸೆರಗನ್ನು ಹಣೆಯ ತನಕ ಎಳೆದುಕೊಂಡು ಕಿಟಕಿಯ ಕಡೆ ತಿರುಗಿತು. ಹ್ಞೂಂ ಇಲ್ಲ, ಊಹೂಂ ಇಲ್ಲ. ಇಳಿಯುವಾಗ ಮಾತ್ರ ಒಂದು ಸಲ ಹಿಂದೆ ನೋಡಿತು. "ಕೇಳಿದ್ದಕ್ಕ ಬಾಯಿ ಬಿಟ್ರ ಗಂಟು ಹೋಗ್ತಿತ್ತೇನು?" ಅಂತ ಅಕ್ಕ ಗೊಣಗಿಕೊಂಡು ರೈಟ್ ರೈಟ್ ಅನ್ನುತ್ತಾ ಬಾಗಿಲು ಬಡಿದಳು. ಆ ಕಡೆಯ ಆಸೆ ಬಿಟ್ಟು ಹಗರಿಬೊಮ್ಮನಹಳ್ಳಿ, ಹಡಗಲಿ ರೂಟು ಹಿಡಿದಳು. ಅಲ್ಲಿಯೂ ಏನಿಲ್ಲ. ಅಷ್ಟರಲ್ಲಿ ದ್ಯಾಮಕ್ಕ ಜ್ವರ ಬಂದು ಮಲಗಿ ಎದ್ದಳು. ಎದ್ದವಳು ಮೊದಲಿನ ಹಾಗೆ ನಡೆಯಲಿಲ್ಲ. ಈಗ ಅವಳು ಪ್ರಶ್ನೆ ಕೇಳುವುದನ್ನೂ ಬಿಟ್ಟಳು. ಮಗಳಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮತ್ತೆ ಕೂಡ್ಲಿಗಿ–ಹರಪನಹಳ್ಳಿ ಬಸ್ಸಿಗೆ ಮರಳಿದ ದಿನ, ಕೊಟ್ಟೂರು ಇನ್ನೇನು ಬರಬೇಕು, ಪಕ್ಕೀರಮ್ಮ ಅನ್ನುವ ಅಜ್ಜಿ ಮೊಬೈಲು ಮುಂದೆ ಚಾಚಿದಳು.

"ತಂಗೀ, ನನ್ನ ಮಗ ಅಜ್ಜಪ್ಪಗ ಫೋನ್ ಹಚ್ಚು. ಸ್ಟ್ಯಾಂಡಿಗೆ ಬಾ ಅನ್ಬೇಕು."

ಅಕ್ಕ ಹುಡುಕಿದಳು. "ಅಜ್ಜಪ್ಪ ಅನ್ನೋರು ಇದರಾಗ ಯಾರೂ ಇಲ್ಲಲ್ಲಬೇ."

"ಅದಾನ, ನೆಟ್ಟಗ ನೋಡು. ನಂಬರ್ ಅವರಪ್ಪಾರ ಹಾಕಿಕೊಟ್ಟಾರ."

"ಖರೇ ಹೆಸರು ಏನೈತಿ ಹೇಳು."

ಪಕ್ಕೀರಮ್ಮ ಸೆರಗೆಳೆದುಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟಳು.

ಹಿಂದಿನ ಸೀಟಿನವನೊಬ್ಬ ನಕ್ಕ. "ಒಂದೊಂದಾಗಿ ಓದ್ರಿ ಮೇಡಂ, ಅಜ್ಜಿ ತಲಿ ಆಡಿಸ್ತತಿ." ಅಕ್ಕ ಓದಿದಳು. ಗಂಗಾಧರ, ಊಹೂಂ. ಅರುಣ್ ಕುಮಾರ್, ಊಹೂಂ. ಪಾಲಾಕ್ಷಪ್ಪ ಅನ್ನುತ್ತಲೇ ಅಜ್ಜಿಯ ತಲೆ ಆಡಿತು.

"ನಮ್ಮ ಮಾವನ ಹೆಸರವ್ವ ಅದು. ಮಗಗ ಇಟ್ಟಾರ. ಸೊಸಿಯಾದಾಕಿ ಬಾಯಾಗ ಹೆಂಗ ತರಾಕ ಬರ್ತೈತಿ? ಅದಕ್ಕ ಅಜ್ಜಪ್ಪ ಅಂತೀನಿ."

"ಮತ್ತ ಸಿಟ್ಟು ಬಂದ್ರ ಹೆಂಗ ಬೈತೀರಿ?" ಹಿಂದಿನವನು ಕೇಳಿದ.

"ಎಲ್ಲಿ ಬೈಯಾಕ ಬರ್ತೈತಪ್ಪ, ಮಾವನ್ನ ಬೈದಂಗ ಆಕ್ಕೈತಿ! ಅದಕ್ಕ ಹಿಂಗ ಕೆಟ್ಟಾನ ಅವ."

ಬಸ್ಸೆಲ್ಲ ನಕ್ಕಿತು. ಪುಷ್ಪಲತಕ್ಕ ನಗಲಿಲ್ಲ. ಕೈಯಲ್ಲಿ ಟಿಕೆಟ್ ಮಷೀನು, ಕಿವಿಗೆ ಪಕ್ಕೀರಮ್ಮನ ಫೋನು, ಅವಳು ಅಷ್ಟು ದಿನದಲ್ಲಿ ಮೊದಲ ಸಲ ನಿಂತಲ್ಲೇ ನಿಂತಳು. ಹಲವಾಗಲಿನ ಮುದುಕಿಗೆ ಸೊಕ್ಕಿರಲಿಲ್ಲ. ಓಬಳೇಶಪ್ಪ ಅವಳ ಮಾವ! ಊರೂರು ತಿರುಗಿ ಹೆಂಗಸರನ್ನೇ ಹೆಸರು ಕೇಳಿದ್ದಳಲ್ಲ. ಆ ಮನೆಯ ಸೊಸೆಯೊಬ್ಬಳೇ ಆ ಹೆಸರನ್ನು ಹೇಳಲಾರದವಳು. ಅಕ್ಕನ ಅತ್ತೆಯೂ ತನ್ನ ಮಾವನ ಹೆಸರು ಹೇಳಿದವಳಲ್ಲ, ಗೊತ್ತಿದ್ದೂ ಹೊಳೆದಿರಲಿಲ್ಲ.

"ಅಕ್ಕಾ, ರೈಟ್!" ಮೌನೇಶ ಕೂಗಿದ. "ಸತ್ತೀಯೋ ಬದುಕೀಯೋ?"

ಮರುದಿನವೇ ರಜೆ ಹಾಕಿ ಹಲವಾಗಲಿಗೆ ಹೋದಳು. ಈ ಸಲ ಓಬಳೇಶಪ್ಪನ ಹೆಸರನ್ನೇ ಎತ್ತಲಿಲ್ಲ. "ಅಜ್ಜಪ್ಪ ಅಂತ ಕರಿಯೋ ದೊಡ್ಡ ಮನುಷ್ಯಾರು ಯಾರದಾರ?" ಅಂತ ಕೇಳಿದಳು. ಹೊಳೆ ಕಡೆಯ ಓಣಿ ತೋರಿಸಿದರು. ಬಾಗಿಲಲ್ಲಿ ಆ ಮುದುಕಿಯೇ ಅಕ್ಕಿ ಕೇರುತ್ತಾ ಕೂತಿತ್ತು, ಹೆಸರು ಅಂಜಿನಕ್ಕ. ಪಕ್ಕದಲ್ಲಿ ಮಗ ಅಜ್ಜಪ್ಪ, ಅಂದರೆ ಅಜ್ಜನ ಹೆಸರು ಹೊತ್ತ ಓಬಳೇಶಪ್ಪ. ಅವನ ಕಣ್ಣು ಮೊದಲು ಹೋದದ್ದು ಅಕ್ಕನ ಕೈಯಲ್ಲಿದ್ದ ಪಹಣಿಯ ಕಟ್ಟಿನ ಮೇಲೆ.

"ಹೊಲದಾಗ ಪಾಲು ಕೇಳಾಕ ಬಂದೀರೇನು ಮೇಡಂ? ಮೊದಲ ಹೇಳಿಬಿಡ್ರಿ."

ಅಕ್ಕ ಕಾಗದಗಳನ್ನು ಚೀಲಕ್ಕೆ ತುರುಕಿ, ಮುಳುಗಿದ ಊರಿನ ಹೆಸರು ಹೇಳಿದಳು. "ನಮ್ಮವ್ವ ದ್ಯಾಮಕ್ಕ. ಹೊಲ ಬ್ಯಾಡ, ಮನಿ ಬ್ಯಾಡ. ಆಕೀಗೆ ತವರಿಂದ ಒಂದು ಸೀರಿ ಬೇಕು ನೋಡಣ್ಣ."

ಅಂಜಿನಕ್ಕನ ಕೈಯಲ್ಲಿದ್ದ ಮೊರ ನಿಂತಿತು.

"ದ್ಯಾಮಕ್ಕ ಬದುಕ್ಯಾಳಾ?"

"ಹ್ಞೂಂ ಅತ್ತಿ."

"ಅಯ್ಯೋ ಶಿವನೇ, ಆಕಿ ಕೂಸಿದ್ದಾಗ ಸತ್ತಾಳ ಅಂತ ನಮ್ಮ ಮಾವಗ ಯಾರೋ ಹೇಳಿದ್ರಂತ! ವರ್ಷಾ ವರ್ಷಾ ಹಿರಿಯರ ಪೂಜ್ಯಾಗ ಆಕೀಗೊಂದು ಎಡಿ ಹಿಡೀತೀವಿ, ಒಂದು ಸೀರಿ ಏರಿಸ್ತೀವಿ!"

ದ್ಯಾಮಕ್ಕನ ತಮ್ಮ ಹನುಮಣ್ಣ ಈಗಿಲ್ಲ. ಕಣ್ಣು ಮುಚ್ಚುವ ತನಕ ಆ ಸೀರೆಯನ್ನು ಅವನೇ ಆರಿಸಿ ತರುತ್ತಿದ್ದನಂತೆ. ಪುಷ್ಪಲತಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಅವ್ವ ಒಂದು ಸೀರೆಗಾಗಿ ಹಂಬಲಿಸಿದ ಅಷ್ಟೂ ವರ್ಷ ತವರಿನಲ್ಲಿ ಅವಳ ಹೆಸರಿಗೆ ಸೀರೆ ಬರುತ್ತಲೇ ಇತ್ತು.

ಸೋಮವಾರ ಬರುತ್ತೇವೆಂದರು. ಅಲ್ಲಿಯ ತನಕ ಅಕ್ಕನಿಗೆ ನಿದ್ದೆಯಿಲ್ಲ. ಹೊಲದ ಭಯಕ್ಕೆ ಅಜ್ಜಪ್ಪ ಹಿಂಜರಿದರೆ? ಅವ್ವನಿಗೆ ಹೇಳಿ, ಅವರು ಬಾರದಿದ್ದರೆ? ಹೇಳಲೇ ಇಲ್ಲ. ಸೋಮವಾರ ಬೆಳಗಿನಿಂದ ಬೀದಿಗೂ ಒಲೆಗೂ ಅಲೆದಳು. ಮಧ್ಯಾಹ್ನದ ಬಸ್ಸಿನಿಂದ ಅಂಜಿನಕ್ಕ, ಅಜ್ಜಪ್ಪ ಇಳಿದರು.

ಅಜ್ಜಪ್ಪ ಸೀರೆ, ಕುಬಸ, ಕೊಬ್ಬರಿ ಮುಂದಿಟ್ಟು ಅತ್ತೆಯ ಕಾಲಿಗೆ ಬಿದ್ದ. ದ್ಯಾಮಕ್ಕ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದಳು. "ನಮ್ಮಪ್ಪನಂಗ ಮೂಗು," ಅಂದಳು. ಎಡೆಯ ಕಥೆ ಕೇಳಿ ಹುಬ್ಬೇರಿಸಿದಳು.

"ಹಂಗಾರ ಅಷ್ಟು ವರ್ಷದ ನನ್ನ ಸೀರಿ ಯಾರು ಉಟ್ರು?"

"ಮತ್ಯಾರು, ನಾನ!" ಅಂದಳು ಅಂಜಿನಕ್ಕ. "ಸತ್ತಾಕಿ ಬಂದು ಜಗಳಾಡ್ತಾಳ ಅಂತ ನನಗೇನು ಕನಸು ಬಿದ್ದಿತ್ತಾ?"

ದ್ಯಾಮಕ್ಕ ಒಳಗೆ ಹೋದಳು. ಬಂದಾಗ ತವರ ಸೀರೆಯನ್ನು ಉಟ್ಟೇ ಬಂದಿದ್ದಳು. ಪುಷ್ಪಲತಕ್ಕ ಗಾಬರಿಯಾದಳು.

"ಯವ್ವಾ, ಅದನ್ನ ಆಮ್ಯಾಗಿಂದಕ್ಕ ಇಡ್ಬೇಕಿತ್ತಲ್ಲ!"

"ಸತ್ತಾಗ ಇನ್ನೊಂದು ತರ್ತಾರ ಬಿಡು. ಈಗ ತವರು ಐತಲ್ಲ."

ಇನ್ನು ಅಕ್ಕ ಸುಮ್ಮನಾದಳು ಅಂದುಕೊಂಡರೆ ತಪ್ಪು. ಈಗ ಅವ್ವನ ಅವ್ವನ ತವರು ಯಾವುದು ಅಂತ ಶುರುವಾಗಿದೆ. ಚಿಗಟೇರಿ ಕಡೆಯೇನೋ ಅಂತ ಗುಮಾನಿ. ತವರು ಹುಡುಕುವುದು ಹೇಗೆಂದು ಬಸ್ಸಿನಲ್ಲಿ ಯಾರು ಕೇಳಿದರೂ ಟಿಕೆಟ್ ಹರಿಯುತ್ತಲೇ ಹೇಳುತ್ತಾಳೆ: "ಕಾಗದ ಆಮ್ಯಾಲೆ ನೋಡ್ರಿ, ಮೊದಲನೇ ಸಲಕ್ಕಂತೂ ಕೈಯಾಗ ಹಿಡ್ಕೊಂಡು ಹೋಗಬ್ಯಾಡ್ರಿ, ಮಂದಿ ಹೆದರ್ತಾರ. ಮನ್ಯಾಗ ಹಿರೇ ಸೊಸಿ ಯಾರ ಹೆಸರು ಹೇಳಂಗಿಲ್ಲ ನೋಡ್ರಿ. ಹಿರಿಯರ ಪೂಜ್ಯಾಗ ಯಾರ್ಯಾರಿಗೆ ಎಡಿ ಅಂತ ಕೇಳ್ರಿ. ಗಂಡಸರ್ನ ಕೇಳಿದ್ರ ಅಜ್ಜನ ಮಟ ಹೇಳಿ ಬೀಡಿ ಹಚ್ತಾರ."

ನಿಮ್ಮ ಅಜ್ಜಿಯ ತವರು ಯಾವುದೆಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಕೂಡ್ಲಿಗಿ ಸ್ಟ್ಯಾಂಡಿಗೆ ಬನ್ನಿ, ಹರಪನಹಳ್ಳಿ ಬಸ್ಸು ಹತ್ತಿ. ಸೀಟಿನ ಮೇಲೆ ಚೀಲವಿಟ್ಟು ತಾನು ನಿಂತೇ ಇರುವ ಕಂಡಕ್ಟರ್ ಕಂಡರೆ ಅವಳೇ ಪುಷ್ಪಲತಕ್ಕ. ಹೋಗಿ ಮಾತಾಡಿಸಿ. ಅಜ್ಜಿ ಬದುಕಿದ್ದರೆ ಅವರನ್ನೂ ಕರೆದುಕೊಂಡೇ ಹೋಗಿ.