ನಂಜುಂಡಪ್ಪನವರ ಜೇಬಿನಲ್ಲಿದ್ದ ವಾಚು

ಅದು 2004ನೇ ಇಸವಿ. ಚಾಮರಾಜನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾನು ವಾಚ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೇಳು ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಮೈಸೂರಿನಲ್ಲಿ ಒಬ್ಬ ಗುರುಗಳ ಹತ್ತಿರ ನಾಲ್ಕು ವರ್ಷ ಕೆಲಸ ಕಲಿತು ಊರಿಗೆ ಬಂದವನು ನಾನು. ನನ್ನ ಹೆಸರು ಸಿದ್ದರಾಜು. ಸಿದ್ದರಾಜು ನೋಡಿ ಆಗಲ್ಲ ಅಂದರೆ ಆ ವಾಚು ಆಗಲ್ಲ ಎಂದೇ ಸುತ್ತಲ ಹಳ್ಳಿಯವರು ತಿಳಿದಿದ್ದರು. ಆ ನಂಬಿಕೆಯನ್ನು ಒಮ್ಮೆ ನಾನು ಹೇಗೆ ಕೆಡಿಸಿದೆ ಎಂಬುದನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಮೊದಲು ಯಾರಿಗೆ ಹೇಳಬೇಕಾಗಿತ್ತೋ ಅವರು ತೀರಿಕೊಂಡಿದ್ದಾರೆ.

ಹರವೆಯ ನಂಜುಂಡಪ್ಪನವರು ಅರಿಶಿನ ಬೆಳೆದು, ಬೇರೆಯವರ ಅರಿಶಿನವನ್ನೂ ಕೊಂಡು ಮಾರುತ್ತಿದ್ದ ಅನುಕೂಲಸ್ಥರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಒಬ್ಬಳೇ ಮಗಳು ಶಿವಲೀಲಾಗೆ ಗುಂಡ್ಲುಪೇಟೆಯ ಹತ್ತಿರ ಟೀಚರ್ ಕೆಲಸ ಸಿಕ್ಕಿತ್ತು. ಅವಳಿಗೊಂದು ಬೆಲೆಬಾಳುವ ವಾಚು ಕೊಡಿಸಬೇಕು, ಯಾವುದು ತೆಗೆದುಕೊಳ್ಳಬೇಕು ಹೇಳು ಎಂದು ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದರು. ಮನೆಯಲ್ಲಿ ಅವರ ತಂಗಿ ತಕರಾರು ತೆಗೆದಿದ್ದರಂತೆ. ಒಳ್ಳೆಯ ವಾಚು ಕೊಡುವುದು ಅಳಿಯನಿಗೆ, ಮದುವೆಯಾಗದ ಹುಡುಗಿಗೆ ಯಾಕೆ ಎಂದು.

"ಅಳಿಯ ಬಂದಾಗ ಅವ್ನಿಗೂ ಒಂದು ಕಟ್ಟುದ್ರಾಯ್ತು ಬುಡು," ಅಂದರು. "ಇದು ನಮ್ ಲೀಲಂಗೆ. ಅವ್ಳು ಕಟ್ಬೇಕು, ಅವ್ಳ ಮಕ್ಳು ಕಟ್ಬೇಕು. ಅಂಥದ್ದು ಯಾವ್ದು ಏಳು."

ನಾನು ಖುಷಿಯಿಂದಲೇ ಪಾಠ ಮಾಡಿದೆ. ಸೆಲ್ ಹಾಕುವ ವಾಚು ಬೇಡ, ಒಳಗಿನ ಸರ್ಕ್ಯೂಟ್ ಹೋದರೆ ಇಪ್ಪತ್ತು ವರ್ಷದ ನಂತರ ಅದೇ ಸರ್ಕ್ಯೂಟ್ ಯಾರೂ ಕೊಡುವುದಿಲ್ಲ. ಸ್ಪ್ರಿಂಗ್ ಮೇಲೆ ಓಡುವ ಯಂತ್ರದ ವಾಚೇ ಆಗಬೇಕು, ಅದರ ಯಾವ ಭಾಗ ಹೋದರೂ ಬಲ್ಲವನು ಹೊಸದು ಮಾಡಿ ಹಾಕಬಹುದು. ಕೇಸು ಗಟ್ಟಿ ಸ್ಟೀಲಿನದಾಗಿರಬೇಕು. ಮುಖ ಸಾದಾ ಇರಬೇಕು, ಈಗಿನ ಫ್ಯಾಷನ್ನು ಮೊಮ್ಮಕ್ಕಳ ಕಾಲಕ್ಕೆ ನಗೆಪಾಟಲಾಗುತ್ತದೆ. ಇಷ್ಟನ್ನೂ ಅವರು ತಲೆದೂಗಿ ಕೇಳಿ, ಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದರು.

"ನಮ್ಮಪ್ಪ ಕಟ್ತಿದ್ದದ್ದು. ಆರು ತಿಂಗ್ಳಿಂದ ನಿಂತೋಗದೆ. ಇದೇನಾರ ಆಯ್ತದಾ ನೋಡ್ಬುಡು. ಆದ್ರೆ ಒಸದು ಯಾಕೆ, ಇದ್ನೇ ಕೊಟ್ಬುಡ್ತೀನಿ."

ಕೀ ಕೊಡುವ ಹಳೆಯ ಸ್ವಿಸ್ ವಾಚು. ಒಳಗೆ ಹದಿನೇಳು ಜ್ಯುವೆಲ್, ಅಂದರೆ ಚಕ್ರಗಳು ಸವೆಯದಂತೆ ಕೂರಿಸುವ ಪುಟ್ಟ ಕಲ್ಲುಗಳು. ಗಟ್ಟಿ ಸ್ಟೀಲ್ ಕೇಸು, ಸಾದಾ ಬಿಳಿ ಮುಖ. ನಾನು ಅಷ್ಟು ಹೊತ್ತು ವರ್ಣಿಸಿದ್ದ ವಾಚು ಅವರ ಜೇಬಿನಲ್ಲೇ ಇತ್ತು. ಕಣ್ಣಿಗೆ ಐ ಗ್ಲಾಸೆಂಬ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ತೆಗೆದೆ. ಬ್ಯಾಲೆನ್ಸ್ ಸ್ಟಾಫ್ ಮುರಿದಿತ್ತು. ವಾಚಿನ ಒಳಗೆ ಅತ್ತಿತ್ತ ಆಡುವ ಚಕ್ರಕ್ಕೆ ಇರುವ ಅಚ್ಚು ಅದು. ಅದರ ಎರಡು ತುದಿಗಳು ತಲೆಗೂದಲಿನಷ್ಟು ಸಣ್ಣ. ವಾಚು ಕೆಳಗೆ ಬಿದ್ದರೆ ಮೊದಲು ಮುರಿಯುವುದು ಅದೇ. ಉಳಿದದ್ದೆಲ್ಲ ಚೆನ್ನಾಗಿತ್ತು.

ಮುರಿದ ಅಚ್ಚನ್ನು ಬಿಡಿಸಿ ಹೊಸದನ್ನು ಕೂರಿಸಲು ಅಲುಗದ ಕೈ ಬೇಕು. ನನ್ನ ಬಲಗೈಗೆ ಎರಡು ವರ್ಷದಿಂದ ನಡುಕ ಶುರುವಾಗಿತ್ತು. ನನ್ನ ಹೆಂಡತಿಯ ಹೊರತು ಯಾರಿಗೂ ಗೊತ್ತಿರಲಿಲ್ಲ. ಸೆಲ್ ಬದಲಿಸುವುದು, ಬೆಲ್ಟ್ ಹಾಕುವುದು, ಹೀಗೆ ಸುಲಭದ ಕೆಲಸದಲ್ಲಿ ದಿನ ದೂಡುತ್ತಿದ್ದೆ. ಮೈಸೂರಿನಲ್ಲಿ ನನ್ನ ಜೊತೆಗೇ ಕೆಲಸ ಕಲಿತ ಕೃಷ್ಣಾಚಾರಿ ಇದ್ದ. ಅವನ ಹತ್ತಿರ ಕಳಿಸಬಹುದಿತ್ತು. ಕಳಿಸಿದರೆ ಸಿದ್ದರಾಜುವಿನ ಕೈ ಹೋಯಿತು ಎಂದು ಹರವೆಯಿಂದ ಉಮ್ಮತ್ತೂರಿನವರೆಗೆ ಸುದ್ದಿಯಾಗುತ್ತದೆ. ಮುಚ್ಚಳ ಹಾಕಿದೆ.

"ಇದು ಆಗಲ್ಲ ಕಣಣ್ಣ. ಇದ್ರ ಆಯಸ್ಸು ಮುಗ್ದೋಗದೆ," ಅಂದೆ.

ಅವರು ವಾಚನ್ನು ಕಿವಿಯ ಹತ್ತಿರ ಒಮ್ಮೆ ಹಿಡಿದು, ಮತ್ತೆ ಗಂಟು ಕಟ್ಟಿ ಜೇಬಿಗೆ ಹಾಕಿಕೊಂಡರು.

ಮಾರನೆಯ ವಾರ ಇಬ್ಬರೂ ಗುಂಡ್ಲುಪೇಟೆಗೆ ಹೋದೆವು. ಅಲ್ಲಿ ಹಂಸ ಎಂಬ ಮಲಯಾಳಿಯ ವಾಚಿನ ಅಂಗಡಿ ಇತ್ತು. ಬೇಕಾದವರಿಗೆ ಕೇರಳದ ಕೋಳಿಕ್ಕೋಡಿನ ದೊಡ್ಡ ಶೋರೂಮಿನಿಂದ ಬಿಲ್ಲು, ಗ್ಯಾರಂಟಿ ಕಾರ್ಡಿನ ಸಮೇತ ವಿದೇಶಿ ವಾಚು ತರಿಸಿಕೊಡುತ್ತಿದ್ದ. ನಮಗಾಗಿ ಮೂರು ತರಿಸಿಟ್ಟಿದ್ದ. ಎರಡು ಗಂಟೆ ಕೂತು ನೋಡಿದೆವು. ಒಂದರ ಮುಖದ ತುಂಬ ಕಲ್ಲು, ಅದನ್ನು ಬದಿಗಿಟ್ಟೆವು. ಇನ್ನೊಂದು ಹುಡುಗಿಯ ಕೈಗೆ ದಪ್ಪ. ಮೂರನೆಯದು ಕೈ ಆಡಿದಂತೆಲ್ಲ ತಾನೇ ಕೀ ಕೊಟ್ಟುಕೊಳ್ಳುವ ಆಟೊಮ್ಯಾಟಿಕ್, ಸಾದಾ ಮುಖದ್ದು. ಅದನ್ನೇ ಆರಿಸಿದೆ. ಆ ಆಯ್ಕೆಯಲ್ಲಿ ತಪ್ಪಿರಲಿಲ್ಲ, ಇಂದಿಗೂ ಅದು ಸರಿಯಾದ ಟೈಮ್ ಕೊಡುತ್ತಿದೆ.

ಮಾತಿನ ನಡುವೆ ನಂಜುಂಡಪ್ಪನವರು ತಮ್ಮ ತಂದೆಯ ವಾಚನ್ನೂ ತೋರಿಸಿದರು. ಹಂಸ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದ. ನನ್ನನ್ನು ಅವನು ಚೇಟ್ಟಾ, ಅಂದರೆ ಅಣ್ಣ, ಅನ್ನುತ್ತಿದ್ದ. "ಇದು ರಿಪೇರಿ ಆಗುದಿಲ್ವಾ ಚೇಟ್ಟಾ? ಒಳ್ಳೇ ಮಾಲಲ್ವಾ ಇದು?"

"ನೋಡ್ಲಾ ಸಿದ್ರಾಜು," ಎಂದು ನಂಜುಂಡಪ್ಪನವರು ನಕ್ಕರು, "ಮಾರೋನೇ ಒಸದು ಬ್ಯಾಡ ಅಂತಾವ್ನೆ."

ಆಗಲಾದರೂ ನಾನು ಹೇಳಬಹುದಿತ್ತು. ಹಂಸನಿಗೆ ರಿಪೇರಿ ವಿಷಯ ಗೊತ್ತಿಲ್ಲ ಎಂಬಂತೆ ಕೈ ಆಡಿಸಿಬಿಟ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಹಳೆಯ ವಾಚನ್ನು ನನ್ನ ಕೈಗಿಟ್ಟರು. ಮನೆಯಲ್ಲಿಟ್ಟುಕೊಂಡರೆ ನೋಡಿದಾಗಲೆಲ್ಲ ಸಂಕಟವಾಗುತ್ತದೆ, ನಿನ್ನ ಹತ್ತಿರ ಏನಾದರೂ ಉಪಯೋಗಕ್ಕೆ ಬಂದೀತು ಅಂದರು.

ನಮ್ಮ ಕಸುಬಿನಲ್ಲಿ ಸತ್ತ ವಾಚು ಬೇರೆ ವಾಚುಗಳಿಗೆ ಜೀವ. ನಾಲ್ಕೇ ದಿನದಲ್ಲಿ ಅದನ್ನು ಬಿಚ್ಚಿದೆ. ಸ್ಪ್ರಿಂಗು ಉಮ್ಮತ್ತೂರಿನ ಒಬ್ಬ ಕಂಡಕ್ಟರನ ವಾಚಿಗೆ ಹೋಯಿತು, ಮುಳ್ಳುಗಳು ಚಂದಕವಾಡಿಯ ಇನ್ನೊಬ್ಬರದಕ್ಕೆ. ಕೀ ಕೊಡುವ ಪುಟ್ಟ ಗುಂಡಿ, ನಾವು ಕ್ರೌನ್ ಅನ್ನುತ್ತೇವೆ, ಅದರ ಹಲ್ಲೆಲ್ಲ ಸವೆದು ನುಣ್ಣಗಾಗಿತ್ತು. ಅದು ಯಾತಕ್ಕೂ ಬಾರದೆಂದು ಕಸಕ್ಕೆ ಎಸೆದೆ. ನಿಜ ಹೇಳಬೇಕೆಂದರೆ, ಬಿಚ್ಚಿಹಾಕುವ ಆತುರವೂ ನನಗಿತ್ತು. ಇಡೀ ವಾಚು ಕಣ್ಣೆದುರು ಇರುವುದು ಬೇಡವಾಗಿತ್ತು.

ಆ ವಾಚು ನನ್ನ ಕೈಗೆ ಬಂದ ಹನ್ನೊಂದನೆಯ ದಿನ ಶಿವಲೀಲಾ ಅಂಗಡಿಗೆ ಬಂದಳು. ಕೈಯಲ್ಲಿ ಹೊಸ ವಾಚಿತ್ತು. ಚೆನ್ನಾಗಿದೆ ಅಂದಳು. ಆಮೇಲೆ, "ಅಣ್ಣ, ಓಡ್ದೇ ಇದ್ರೂ ಪರವಾಗಿಲ್ಲ, ಅಜ್ಜನ ವಾಚು ನಂಗೆ ಕೊಟ್ಬುಡಿ. ಸ್ಕೂಲಿಗೆ ಓಗೋ ಮೊದ್ಲು ದಿನಾ ನಾನೇ ಕೀ ಕೊಡ್ತಿದ್ದೆ," ಅಂದಳು. ಬಿಸಾಡಿಬಿಟ್ಟೆ ಕಣಮ್ಮ ಅಂದೆ. ಅವಳು ಒಂದು ಕ್ಷಣ ಮೇಜಿನ ಮೇಲಿದ್ದ ಡಬ್ಬಿಗಳನ್ನೆಲ್ಲ ನೋಡಿ ಹೊರಟುಹೋದಳು. ಕೇಸು, ಮುಖ, ಒಳಗಿನ ತಟ್ಟೆ, ಚಕ್ರಗಳು ಅವಳಿಂದ ಒಂದು ಮೊಳ ದೂರದ ಡ್ರಾಯರಿನಲ್ಲಿದ್ದವು.

2007ರಲ್ಲಿ ನಂಜುಂಡಪ್ಪನವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅಪ್ಪನ ವಾಚು ಉಳಿಯಲಿಲ್ಲ ಎಂದೇ ನಂಬಿ ಅವರು ಹೋದರು.

2009ರಲ್ಲಿ ಕೈನಡುಕ ಮುಚ್ಚಿಡಲಾಗದಷ್ಟು ಆಗಿ ಅಂಗಡಿ ಮುಚ್ಚಿದೆ. ಡ್ರಾಯರ್ ಖಾಲಿ ಮಾಡುವಾಗ ನಂಜುಂಡಪ್ಪನವರ ವಾಚಿನ ಉಳಿದ ಭಾಗಗಳನ್ನು ಕಟ್ಟಿಟ್ಟ ಪೊಟ್ಟಣ ಸಿಕ್ಕಿತು. ಎರಡು ದಿನ ಮನೆಯಲ್ಲಿಟ್ಟುಕೊಂಡು, ಮೂರನೆಯ ದಿನ ಮೈಸೂರಿಗೆ ಕೃಷ್ಣಾಚಾರಿಯ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಐ ಗ್ಲಾಸ್ ತೆಗೆಯದೆಯೇ ಅವನು ಹೇಳಿದ್ದು ಒಂದೇ ಮಾತು: "ಆಗ್ಲೇ ತಂದಿದ್ರೆ ಅರ್ಧ ದಿನದ ಕೆಲ್ಸ ಕಣೋ ಇದು."

ಮುರಿದಿದ್ದ ಅಚ್ಚಿನ ಬದಲು ಹೊಸದನ್ನು ಕಡೆದು ಕೂರಿಸಿದ. ಸ್ಪ್ರಿಂಗು, ಮುಳ್ಳು, ಕ್ರೌನ್ ತನ್ನ ಹಳೆಯ ಡಬ್ಬಿಗಳಿಂದ ಹುಡುಕಿ ಹಾಕಿದ. ವಾಚು ಓಡಿತು. ಅದನ್ನು ತೆಗೆದುಕೊಂಡು ಗುಂಡ್ಲುಪೇಟೆಗೆ ಹೋದೆ.

ಶಿವಲೀಲಾಗೆ ಮದುವೆಯಾಗಿ ಎರಡು ವರ್ಷದ ಮಗಳಿದ್ದಳು. ಕೂರಿಸಿ ಕಾಫಿ ಕೊಟ್ಟಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ, ಅವಳ ಮುಖ ನೋಡಿ ಎಲ್ಲ ಮರೆತುಹೋಯಿತು. ಸುಮ್ಮನೆ ವಾಚನ್ನು ಮುಂದಿಟ್ಟೆ. ಅಜ್ಜನ ವಾಚು ಸಿಕ್ಕಿತು ಎಂದಷ್ಟೇ ಹೇಳಿ ಎದ್ದುಬಿಡಲೇ ಎಂದು ಆಗಲೂ ಒಮ್ಮೆ ಅನ್ನಿಸಿತು.

ಅವಳು ಸೆರಗಿನಿಂದ ಗಾಜು ಒರೆಸಿ, ಹೆಬ್ಬೆರಳು ತೋರುಬೆರಳಲ್ಲಿ ಕ್ರೌನ್ ಹಿಡಿದು ಒಂದು ಸುತ್ತು ಕೀ ಕೊಟ್ಟಳು. ಬೆರಳು ನಿಂತಿತು.

"ಇದು ಅಜ್ಜನ ಕೀ ಅಲ್ಲ," ಅಂದಳು. "ಅದು ನುಣ್ಣಗಿತ್ತು. ಬೆರಳು ಜಾರ್ತಿತ್ತು."

ಆಗ ಎಲ್ಲ ಹೇಳಿದೆ. ಕೈನಡುಕ, ಬಸ್ಸು, ಡ್ರಾಯರ್, ಕಸದ ಬುಟ್ಟಿ, ಯಾವುದನ್ನೂ ಬಿಡಲಿಲ್ಲ. ಅವಳ ಕಣ್ಣು ತುಂಬಿತು. ಪರವಾಗಿಲ್ಲ ಎಂದು ಅವಳು ಅನ್ನಲಿಲ್ಲ, ನಾನೂ ಅದನ್ನು ನಿರೀಕ್ಷಿಸುವ ಹಾಗಿರಲಿಲ್ಲ. ಎದ್ದು ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದಿಟ್ಟಳು.

"ಬರ್ದುಕೊಡಿ. ಇದ್ರಲ್ಲಿ ಯಾವುದು ಅಜ್ಜಂದು, ಯಾವುದು ಬೇರೆಯವರದ್ದು, ಎಲ್ಲಾನೂ. ಯಾಕೆ ಹಿಂಗಾಯ್ತು ಅಂತಾನೂ. ಎರಡು ವಾಚೂ ನನ್ ಮಗಳಿಗೇ. ನಾಳೆ ಅವಳು ಕೇಳಿದ್ರೆ ನಾನು ಸುಳ್ಳು ಹೇಳಕ್ಕಾಗಲ್ಲ."

ನಡುಗುವ ಕೈಯಲ್ಲಿ ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅವಳು ಎದುರಿಗೇ ಕೂತಿದ್ದಳು. ಕೇಸು, ಮುಖ, ತಟ್ಟೆ, ಚಕ್ರಗಳು ಅಜ್ಜನವು ಎಂದು ಬರೆದೆ. ಉಳಿದವು ಬೇರೆ ವಾಚಿನವು ಎಂದು ಬರೆದೆ.

ಮನೆತನಕ್ಕೆ ಉಳಿಯುವ ವಾಚು ಯಾವುದು ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಅಂದು ನಂಜುಂಡಪ್ಪನವರಿಗೆ ಮಾಡಿದ ಪಾಠವನ್ನೇ ಒಪ್ಪಿಸುತ್ತೇನೆ. ಅದರ ಜೊತೆ, ಮನೆಯಲ್ಲಿ ನಿಂತುಹೋದ ವಾಚು ಇದ್ದರೆ ಮೊದಲು ಅದನ್ನು ತೋರಿಸಿ, ಒಬ್ಬರಿಗಲ್ಲ, ಇಬ್ಬರಿಗೆ ತೋರಿಸಿ ಅನ್ನುತ್ತೇನೆ. ಕಸುಬು ಬಲ್ಲವನು ಹೇಳಿದ ಸುಳ್ಳನ್ನು ಕಸುಬು ಬಾರದವರು ಹಿಡಿಯಲಾರರು. ಮೂವತ್ತೆರಡು ವರ್ಷದ ಕೆಲಸದಲ್ಲಿ ನಾನು ತಡವಾಗಿ ಕಲಿತದ್ದು ಅದು.

ಗುಂಡ್ಲುಪೇಟೆಯ ಆ ಮನೆಯಲ್ಲಿ ಎರಡು ವಾಚುಗಳ ಜೊತೆ ಆ ಹಾಳೆಯೂ ಇದೆ. ಅದರ ಕೊನೆಯ ಸಾಲು ಹೀಗಿದೆ: "ಈ ವಾಚು 2004ರಲ್ಲೇ ಸರಿಯಾಗುತ್ತಿತ್ತು. ನನ್ನ ಕೈಲಿ ಆಗುತ್ತಿರಲಿಲ್ಲ. ಈ ಎರಡು ಮಾತನ್ನೂ ನಾನು ನಿಮ್ಮ ತಾತ ನಂಜುಂಡಪ್ಪನವರಿಗೆ ಹೇಳಲಿಲ್ಲ." ಕೆಳಗೆ ನನ್ನ ಸಹಿ ಇದೆ. ಅಕ್ಷರ ಸೊಟ್ಟಗಿದೆ, ಓದಲು ಬರುತ್ತದೆ.